ಹಾರಿದ್ದು ವೈಸ್ ಅಲ್ಲ, ಎಡಿಟರ್

ಮೊದಲಿಗೆ ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಸಿಲ್ವಿಯಸ್ ಲಿಯೋಪೋಲ್ಡ್ ವೈಸ್ ಬಗ್ಗೆ ಒಂದು ಉದ್ದದ ಬರಹ ಬರೆದಿದ್ದೆ. ವೈಸ್ ಅಂದರೆ ಬಾಖ್‌ನ ಸಮಕಾಲೀನ, ಡ್ರೆಸ್ಡನ್ ಆಸ್ಥಾನದ ಲ್ಯೂಟ್ ವಾದಕ. ಇಬ್ಬರೂ ತೀರಿಕೊಂಡದ್ದು 1750ರಲ್ಲೇ. ಆತನ ಒಂದು ಸರಬಾಂದ್ ಬಗ್ಗೆ ನಾನು ಆವತ್ತು ಭಾವುಕನಾಗಿದ್ದೆ. ಕೊನೆಯ ಸಾಲಿನಲ್ಲಿ ಬಾಸ್ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬರುತ್ತದೆ, ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ತಟ್ಟನೆ ಮೇಲಕ್ಕೆ ಹಾರುತ್ತದೆ. ಅಳುತ್ತಾ ಕೂತವನು ಇದ್ದಕ್ಕಿದ್ದಂತೆ ತಲೆ ಎತ್ತಿ ನೋಡಿದ ಹಾಗೆ ಅಂತೆಲ್ಲ ಬರೆದು, ಇದು ವೈಸ್‌ನ ಧೈರ್ಯ ಅಂತ ಷರಾ ಬೇರೆ ಹಾಕಿದ್ದೆ. ತುಂಬಾ ಜನ ಮೆಚ್ಚಿಕೊಂಡರು. ನಾನೂ ನನ್ನನ್ನು ಸಾಕಷ್ಟು ಮೆಚ್ಚಿಕೊಂಡೆ.

ಲ್ಯೂಟ್ ಕಲಿಯುತ್ತಿರುವ ಗೆಳೆಯನೊಬ್ಬ ಅದನ್ನು ಓದಿ, ಮೂಲ ಹಸ್ತಪ್ರತಿಯ ಆ ಪುಟದ ಫೋಟೋ ಕಳಿಸಿದ. ಕೆಳಗೆ ಒಂದೇ ಸಾಲು: "ಮಾರಾಯ, ಎಲ್ಲಿದೆ ನಿನ್ನ ಹಾರಾಟ?"

ಎಲ್ಲೂ ಇರಲಿಲ್ಲ. ವೈಸ್‌ನ ಬಾಸ್ ಇಳಿಯುತ್ತಲೇ ಹೋಗಿತ್ತು, ನೆಟ್ಟಗೆ, ಕೆಳಗಿನವರೆಗೂ. ಮೇಲಕ್ಕೆ ಹಾರಿಸಿದವನು ನನ್ನ ಪುಸ್ತಕದ ಎಡಿಟರ್. ಯಾಕೆ ಹಾರಿಸಿದ? ಅದು ಗಿಟಾರಿಗೆ ಹೊಂದಿಸಿದ ಪುಸ್ತಕ. ಬರೋಕ್ ಲ್ಯೂಟಿನಲ್ಲಿ ಹದಿಮೂರು ಕೋರ್ಸ್ ತಂತಿ ಇರುತ್ತವೆ, ಗಿಟಾರಿನಲ್ಲಿ ಇರುವುದು ಆರು ತಂತಿ. ಕೆಳಗಿಳಿಯಲು ತಂತಿಯೇ ಖಾಲಿಯಾದಾಗ ಮಿಕ್ಕ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆತ್ತಬೇಕಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ, ಬೇರೆ ದಾರಿಯೂ ಇಲ್ಲ. ಆದರೆ "ಇಲ್ಲಿಂದ ಬಾಸನ್ನು ನಾನು ಮೇಲಕ್ಕೆತ್ತಿದ್ದೇನೆ" ಅಂತ ಆ ಪುಸ್ತಕದ ಯಾವ ಮೂಲೆಯಲ್ಲೂ ಒಂದು ಅಕ್ಷರ ಇರಲಿಲ್ಲ. ಮುನ್ನುಡಿಯಲ್ಲಿ ವೈಸ್‌ನ ಜೀವನಚರಿತ್ರೆ ಇತ್ತು, ಎಡಿಟರ್‌ನ ಪ್ರಶಸ್ತಿಗಳ ಪಟ್ಟಿಯೂ ಇತ್ತು.

ಹೀಗೆ ನಾನು ಎರಡು ವರ್ಷ ಒಬ್ಬ ಸತ್ತವನ ಧೈರ್ಯವನ್ನು ಕೊಂಡಾಡಿದ್ದು, ನಿಜಕ್ಕೂ ಅದು ಒಂದು ವಾದ್ಯದ ತಂತಿ ಮುಗಿದುಹೋದ ಕಥೆ. ನಗು ಬರುತ್ತೆ ಅಲ್ವಾ? ನನಗೂ ಬಂತು, ಸಿಟ್ಟು ಬಂದ ಮೇಲೆ.

ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಲ್ಯೂಟ್, ಮ್ಯಾಂಡೊಲಿನ್‌ಗಳ ಬರೋಕ್ ಸಂಗೀತದ ಪುಸ್ತಕ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಏನು ತಿದ್ದಿದ್ದೇವೆ ಅಂತ ಹೇಳದ ಪುಸ್ತಕ ಎಷ್ಟೇ ಚೆನ್ನಾಗಿ ಪ್ರಿಂಟ್ ಆಗಿರಲಿ, ಎಷ್ಟೇ ದೊಡ್ಡವರ ಹೆಸರು ಹೊತ್ತಿರಲಿ, ಅದಕ್ಕೆ ದುಡ್ಡು ಕೊಡಬೇಡಿ.

ನಮ್ಮೂರಲ್ಲಿ ಯಾರಾದರೂ ಜಮೀನು ತಗೊಳ್ಳುವಾಗ ಮೊದಲು ಕೇಳುವುದು ಪಹಣಿ. ಅದರಲ್ಲಿ ಈಗಿನ ಮಾಲೀಕನ ಹೆಸರಿದ್ದರೆ ಸಾಲದು. ಹೆಸರು ಯಾವಾಗ ಬದಲಾಯ್ತು, ಯಾವ ಮ್ಯುಟೇಶನ್ ನಂಬರಿನಲ್ಲಿ ಬದಲಾಯ್ತು, ಅದೂ ಇರಬೇಕು. ಅದಿಲ್ಲದ ಪಹಣಿ ತೋರಿಸಿದರೆ ನಮ್ಮಪ್ಪ ಕಾಫಿ ಕುಡಿದು, ನಕ್ಕು, ಎದ್ದು ಬರುತ್ತಿದ್ದರು. ಆಫೀಸಿನಲ್ಲಿ ನಮ್ಮದೂ ಇದೇ ಕಥೆ. ಯಾರೋ ಒಬ್ಬ ಕಾಮಿಟ್ ಮೆಸೇಜ್ ಇಲ್ಲದೆ ಪ್ರೊಡಕ್ಷನ್ ಕೋಡ್ ಮುಟ್ಟಿದರೆ ನಾವು ಬಿಡುತ್ತೇವಾ? ಹಾಗಾದರೆ ಇನ್ನೂರೆಪ್ಪತ್ತು, ಮುನ್ನೂರು ವರ್ಷ ಹಳೆಯ ಸಂಗೀತಕ್ಕೆ ಬಂದಾಗ ಮಾತ್ರ ನಮ್ಮ ಬುದ್ಧಿ ಎಲ್ಲಿ ಹೋಗುತ್ತೆ?

ಲ್ಯೂಟಿನ ವಿಷಯದಲ್ಲಿ ಈ ತೊಂದರೆ ಬೇರೆ ವಾದ್ಯಗಳಿಗಿಂತ ದೊಡ್ಡದು, ಯಾಕೆಂದರೆ ಅದರ ಸಂಗೀತ ಬಹುಪಾಲು ಉಳಿದು ಬಂದದ್ದು ಸ್ಟಾಫ್ ನೊಟೇಶನ್‌ನಲ್ಲಿ ಅಲ್ಲ, ಟ್ಯಾಬ್ಲೇಚರಿನಲ್ಲಿ. ಆರು ಗೆರೆ, ಒಂದೊಂದು ಗೆರೆಯೂ ಒಂದೊಂದು ಕೋರ್ಸ್. ಫ್ರೆಂಚ್ ಪದ್ಧತಿಯಲ್ಲಿ ಗೆರೆಯ ಮೇಲೆ 'ಎ' ಅಂತಿದ್ದರೆ ತಂತಿಯನ್ನು ಒತ್ತದೆ ಮೀಟು, 'ಬಿ' ಅಂತಿದ್ದರೆ ಮೊದಲ ಫ್ರೆಟ್. ಆರು ಗೆರೆಗಳ ಕೆಳಗೆ ಬಾಸ್ ತಂತಿಗಳ ಗುರುತು: ಬರೀ 'ಎ', ಆಮೇಲೆ ಒಂದು ಅಡ್ಡಗೀಟಿನ 'ಎ', ಎರಡು ಗೀಟಿನದು, ಮೂರು ಗೀಟಿನದು, ಆಮೇಲೆ 4, 5, 6 ಅಂತ ಅಂಕಿ. ಗೆಳೆಯ ಕಳಿಸಿದ ಫೋಟೋದಲ್ಲಿ ನಾನು ನೋಡಿದ್ದು ಇದನ್ನೇ. ಗೀಟು ಒಂದೊಂದಾಗಿ ಹೆಚ್ಚುತ್ತಾ ಹೋಗಿ ಅಂಕಿಗೆ ತಲುಪಿತ್ತು. ಸಂಗೀತ ಗೊತ್ತಿಲ್ಲದವರಿಗೂ ಕಣ್ಣಿಗೆ ಕಾಣುವಂಥ ಇಳಿಜಾರು.

ಟ್ಯಾಬ್ಲೇಚರ್ ಎರಡು ವಿಷಯ ಹೇಳುತ್ತದೆ: ಬೆರಳು ಎಲ್ಲಿಡಬೇಕು, ಯಾವಾಗ ಮೀಟಬೇಕು. ಮೀಟಿದ ಸ್ವರ ಎಷ್ಟು ಹೊತ್ತು ಉಳಿಯಬೇಕು ಅಂತ ಅದು ಸಾಮಾನ್ಯವಾಗಿ ಹೇಳುವುದಿಲ್ಲ. ಸ್ಟಾಫ್ ನೊಟೇಶನ್‌ಗೆ ಅದು ಗೊತ್ತಿರಲೇಬೇಕು. ಪ್ರತಿ ಸ್ವರಕ್ಕೂ ಒಂದು ಉದ್ದ ಬರೆಯಲೇಬೇಕು. ಹಾಗಾಗಿ ಟ್ಯಾಬ್ಲೇಚರನ್ನು ಸ್ಟಾಫಿಗೆ ಇಳಿಸುವವನು ಪ್ರತಿ ಸಾಲಿನಲ್ಲೂ ತೀರ್ಮಾನ ತಗೊಳ್ಳುತ್ತಾನೆ. ಈ ಸ್ವರ ಮೇಲಿನ ದನಿಯದ್ದಾ, ಮಧ್ಯದ ದನಿಯದ್ದಾ? ಇದು ಮುಂದಿನ ಸ್ವರ ಬಂದ ಮೇಲೂ ಗುಂಯ್‌ಗುಡಬೇಕಾ, ಅಲ್ಲೇ ನಿಲ್ಲಬೇಕಾ? ಬರೋಕ್ ಲ್ಯೂಟಿನ ಮೊದಲ ಆರು ಕೋರ್ಸುಗಳನ್ನು ಒತ್ತದೆ ಹಾಗೇ ಮೀಟಿದರೆ ಡಿ ಮೈನರ್ ಕಾರ್ಡ್ ಬರುತ್ತದೆ; ತಂತಿಗಳು ಒಂದರ ಮೇಲೊಂದು ಮೊಳಗುವುದೇ ಆ ವಾದ್ಯದ ಸೊಗಸು. ಸ್ಟಾಫಿಗೆ ಬಂದಾಗ ಆ ಸೊಗಸಿನ ಗುಟ್ಟು, ಅಂದರೆ ಯಾವ ಸ್ವರ ಯಾವ ತಂತಿಯ ಮೇಲೆ ಅನ್ನುವುದು, ಮಾಯವಾಗುತ್ತದೆ.

ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಟ್ಯಾಬ್ಲೇಚರನ್ನೂ ಸ್ಟಾಫನ್ನೂ ಎರಡೂ ಕೊಡುವುದು. ವೈಸ್‌ನ ಸಮಗ್ರ ಕೃತಿಗಳ ಜರ್ಮನ್ ಆವೃತ್ತಿಯ ಹೆಸರಿನಲ್ಲೇ "ಟ್ಯಾಬ್ಲೇಚರಿನಲ್ಲಿ ಮತ್ತು ಲಿಪ್ಯಂತರದಲ್ಲಿ" ಅಂತಿದೆ. ಎಡಿಟರ್ ಹೇಳಿದ್ದು ಒಂದು ಕಡೆ, ಹಸ್ತಪ್ರತಿ ಹೇಳಿದ್ದು ಇನ್ನೊಂದು ಕಡೆ. ಅನುಮಾನ ಬಂದರೆ ನೀವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಮರ್ಯಾದಸ್ಥರ ಕೆಲಸ ಹೀಗಿರುತ್ತದೆ.

ಮ್ಯಾಂಡೊಲಿನ್ ಕಡೆ ಬಂದರೆ ಇನ್ನೊಂದು ಬಗೆಯ ಮೌನ. ವಿವಾಲ್ಡಿಯ ಸಿ ಮೇಜರ್ ಮ್ಯಾಂಡೊಲಿನ್ ಕಾಂಚೆರ್ಟೊ, ಆರ್.ವಿ. 425, ನೀವು ಕೇಳಿಯೇ ಇರುತ್ತೀರಿ. ಹೆಸರು ಗೊತ್ತಿಲ್ಲದಿದ್ದರೂ ಯಾವುದಾದರೂ ಸಿನಿಮಾದಲ್ಲೋ ಜಾಹೀರಾತಿನಲ್ಲೋ ಕಿವಿಗೆ ಬಿದ್ದಿರುತ್ತದೆ. ಎರಡು ಮ್ಯಾಂಡೊಲಿನ್‌ಗಳಿಗೆ ಬರೆದ ಇನ್ನೊಂದಿದೆ, ಆರ್.ವಿ. 532. ಇವನ್ನು ವಿವಾಲ್ಡಿ ಬರೆದ ಕಾಲದ ಮ್ಯಾಂಡೊಲಿನೊ ಇವತ್ತು ಅಂಗಡಿಯಲ್ಲಿ ಸಿಗುವ ಮ್ಯಾಂಡೊಲಿನ್ ಅಲ್ಲ. ಈಗಿನದರಲ್ಲಿ ನಾಲ್ಕು ಜೋಡಿ ಲೋಹದ ತಂತಿ, ವಯೊಲಿನ್‌ನದೇ ಶ್ರುತಿ, ಪ್ಲೆಕ್ಟ್ರಮ್ ಹಿಡಿದು ನುಡಿಸುತ್ತೇವೆ. ಈ ನೇಪಲ್ಸ್ ಮಾದರಿ ಬೆಳೆದದ್ದು ಹದಿನೆಂಟನೇ ಶತಮಾನದ ನಡುವಿನಲ್ಲಿ. ಅದಕ್ಕಿಂತ ಹಳೆಯ ಮ್ಯಾಂಡೊಲಿನೊ ಒಂದು ಪುಟ್ಟ ಲ್ಯೂಟಿನ ಹಾಗೆ: ಕರುಳಿನ ತಂತಿ, ಐದು ಅಥವಾ ಆರು ಕೋರ್ಸ್, ಹೆಚ್ಚುಕಡಿಮೆ ಪೂರ್ತಿ ನಾಲ್ಕನೇ ಸ್ವರದ ಅಂತರದಲ್ಲಿ ಶ್ರುತಿ, ಬಹಳ ಸಲ ಬರಿ ಬೆರಳಿನಲ್ಲೇ ವಾದನ.

ಈಗ ನನ್ನ ಕಪಾಟಿನಲ್ಲಿರುವ ಒಂದು ಹಳೆಯ ಆರ್.ವಿ. 425 ಎಡಿಷನ್ ತೆಗೆಯೋಣ. ಉದ್ದ ಸ್ವರ ಬಂದಲ್ಲೆಲ್ಲ ಟ್ರೆಮೊಲೊ ಗುರುತು. ಎರಡು ಸಾಲಿಗೊಂದು ಕ್ರೆಶೆಂಡೊ. ಎಲ್ಲ ಕಡೆ ಈಗಿನ ಮ್ಯಾಂಡೊಲಿನ್ನಿಗೆ ಹೊಂದುವ ಬೆರಳಿನ ನಂಬರು. ಉದ್ದ ಸ್ವರ ಕಂಡ ಕೂಡಲೇ ಟ್ರೆಮೊಲೊ ಹಾಕುವ ರೂಢಿ ಬಲವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಆದರೆ ಪುಟ ನೋಡಿದವನಿಗೆ ಇದೆಲ್ಲ ವಿವಾಲ್ಡಿಯೇ ಹೇಳಿಕೊಟ್ಟ ಹಾಗೆ ಕಾಣುತ್ತದೆ. ಎಲ್ಲವೂ ಒಂದೇ ಮಸಿ, ಒಂದೇ ದಪ್ಪ. ಟ್ರೆಮೊಲೊ ಇಷ್ಟಪಡುವವರು ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಹಾಕಬೇಕೋ ಬೇಡವೋ ಅಂತ ಯೋಚಿಸುವ ಅವಕಾಶವನ್ನೇ ಕಿತ್ತುಕೊಂಡರಲ್ಲ, ಅದಕ್ಕೆ ತಕರಾರು.

ವಿವಾಲ್ಡಿಯ ಡಿ ಮೇಜರ್ ಲ್ಯೂಟ್ ಕಾಂಚೆರ್ಟೊ, ಆರ್.ವಿ. 93, ಇದರ ಸಮಸ್ಯೆ ಇನ್ನೂ ಮಜವಾಗಿದೆ. ಬೊಹೀಮಿಯಾದ ಒಬ್ಬ ಕೌಂಟ್‌ಗಾಗಿ ಬರೆದದ್ದು. ಲ್ಯೂಟ್, ಎರಡು ವಯೊಲಿನ್, ಬಾಸ್. ಲ್ಯೂಟಿನ ಭಾಗವನ್ನು ವಿವಾಲ್ಡಿ ಟ್ರೆಬಲ್ ಕ್ಲೆಫ್‌ನಲ್ಲಿ ಬರೆದ. ಅದನ್ನು ಬರೆದ ಸ್ಥಾಯಿಯಲ್ಲೇ ನುಡಿಸಬೇಕಾ, ಒಂದು ಸ್ಥಾಯಿ ಕೆಳಗಾ, ಯಾವ ಅಳತೆಯ ಲ್ಯೂಟಿನಲ್ಲಿ ಅಂತ ಇವತ್ತಿಗೂ ಚರ್ಚೆ ಇದೆ. ಗಿಟಾರ್ ತಾನಾಗಿಯೇ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ. ಹಾಗಾಗಿ ಗಿಟಾರಿಗರು ಆ ಪ್ರಶ್ನೆಗೆ ತಿಳಿಯದೆಯೇ ಒಂದು ಉತ್ತರ ಕೊಟ್ಟುಬಿಟ್ಟಿರುತ್ತಾರೆ! ಒಳ್ಳೆಯ ಎಡಿಷನ್ ಮುನ್ನುಡಿಯಲ್ಲಿ ಈ ಚರ್ಚೆಯನ್ನು ಅರ್ಧ ಪುಟ ವಿವರಿಸುತ್ತದೆ. ಕೆಟ್ಟದ್ದು ಆ ಜಾಗದಲ್ಲಿ ವೆನಿಸ್‌ನ ದೋಣಿಗಳ ವರ್ಣನೆ ಮಾಡುತ್ತದೆ.

ಇನ್ನು ಬಾಖ್. "ಬಾಖ್‌ನ ನಾಲ್ಕು ಲ್ಯೂಟ್ ಸೂಟ್‌ಗಳು" ಅಂತ ಹೆಸರಿರುವ ಪುಸ್ತಕ ನಿಮ್ಮ ಹತ್ತಿರವೂ ಇರಬಹುದು. ಬಾಖ್ ಹಾಗೆ ನಾಲ್ಕರ ಕಟ್ಟು ಕಟ್ಟಲಿಲ್ಲ, ಒಂದು ಎರಡು ಮೂರು ಅಂತ ನಂಬರ್ ಹಾಕಲಿಲ್ಲ. ಬಿ.ಡಬ್ಲ್ಯೂ.ವಿ. 995 ಆತನೇ ತನ್ನ ಐದನೇ ಚೆಲ್ಲೊ ಸೂಟಿನಿಂದ ಹೊಂದಿಸಿಕೊಂಡದ್ದು. ಕೈಬರಹದ ಪ್ರತಿ ಬ್ರಸೆಲ್ಸ್‌ನಲ್ಲಿದೆ, ಲ್ಯೂಟಿಗೆ ಅಂತ ಸ್ಪಷ್ಟವಾಗಿ ಬರೆದಿದೆ. 996ರ ಹಸ್ತಪ್ರತಿಯಲ್ಲಿ ಕಾಣುವುದು ಲ್ಯೂಟ್ ಹೆಸರಲ್ಲ, 'ಲೌಟೆನ್‌ವೆರ್ಕ್' ಅಂತ, ಅಂದರೆ ಲ್ಯೂಟಿನ ದನಿ ಬರುವ ಹಾಗೆ ಮಾಡಿದ ಕೀಬೋರ್ಡ್ ವಾದ್ಯ. 998ರ ಮೇಲೆ ಬಾಖ್ "ಲ್ಯೂಟ್ ಅಥವಾ ಚೆಂಬಲೊ" ಅಂತ ಬರೆದಿದ್ದಾನೆ. 1006ಎ ವಯೊಲಿನ್ ಪಾರ್ಟಿಟಾದ ಮರುರೂಪ, ಅದರಲ್ಲಿ ವಾದ್ಯದ ಹೆಸರೇ ಇಲ್ಲ. ಒಂದೊಂದಕ್ಕೂ ಒಂದೊಂದು ಜಾತಕ. ಇವನ್ನೆಲ್ಲ ಒಂದೇ ಅಚ್ಚಿಗೆ ಹಾಕಿ, ನಂಬರ್ ಬರೆದು, ಗಿಟಾರಿನ ಅನುಕೂಲಕ್ಕೆ ಶ್ರುತಿ ಬದಲಿಸಿ ಮಾರುತ್ತಾರೆ. ಬದಲಿಸಲಿ. ಜಿ ಮೈನರಿನ 995 ಗಿಟಾರಿನಲ್ಲಿ ಎ ಮೈನರಾಗಿ ಚೆನ್ನಾಗೇ ಕೂರುತ್ತದೆ. ಆದರೆ ಬದಲಿಸಿದ್ದೇವೆ ಅಂತ ಹೇಳುವುದಕ್ಕೆ ಬೇಕಾದದ್ದು ಒಂದು ಸಾಲಿನ ಜಾಗ.

ಮೌನ ಎಲ್ಲಿಯವರೆಗೆ ಹೋಗಬಹುದು ಅಂತ ಗೊತ್ತಾಗಬೇಕಾದರೆ ಎರಡು ಕಥೆ ಕೇಳಿ. ಗಿಟಾರ್ ದಿಗ್ಗಜ ಸೆಗೋವಿಯಾ 'ವೈಸ್‌ನ ಎ ಮೈನರ್ ಸೂಟ್' ಅಂತ ನುಡಿಸುತ್ತಿದ್ದ ಕೃತಿ ವೈಸ್‌ನದಲ್ಲ. ಅದನ್ನು ಬರೆದವರು ಮೆಕ್ಸಿಕೊದ ಮಾನುವೆಲ್ ಪೊನ್ಸೆ, ಇಪ್ಪತ್ತನೇ ಶತಮಾನದಲ್ಲಿ. ಎರಡನೆಯದು ಸೋವಿಯತ್ ದೇಶದ ಲ್ಯೂಟ್ ವಾದಕ ವ್ಲಾದಿಮಿರ್ ವವಿಲೊವ್ ಕಥೆ. 1970ರಲ್ಲಿ ಮೆಲೋಡಿಯಾ ಕಂಪನಿಯಿಂದ ಹಳೆಯ ಲ್ಯೂಟ್ ಸಂಗೀತ ಅಂತ ಆತನ ಒಂದು ರೆಕಾರ್ಡ್ ಬಂತು. ಅದರಲ್ಲಿ ತನ್ನದೇ ರಚನೆಗಳನ್ನು ಹಳಬರ ಹೆಸರಿನಲ್ಲಿ ಸೇರಿಸಿದ್ದ. 'ಕಚ್ಚೀನಿಯ ಆವೆ ಮರಿಯಾ' ಅಂತ ಲೋಕವೆಲ್ಲ ಹಾಡುವುದು ಆ ರೆಕಾರ್ಡಿನಲ್ಲಿದ್ದ ವವಿಲೊವ್‌ನ ರಚನೆಯನ್ನು. ಕಚ್ಚೀನಿ 1618ರಲ್ಲೇ ತೀರಿಹೋಗಿದ್ದಾನೆ ಪಾಪ, ಆದರೂ ಇವತ್ತಿಗೂ ಆತನ ಹೆಸರಿನಲ್ಲಿ ಅದರ ಹಾಳೆಗಳು ಮಾರಾಟವಾಗುತ್ತವೆ. ಪೊನ್ಸೆಯೂ ವವಿಲೊವ್‌ನೂ ಪ್ರತಿಭಾವಂತರು, ಅವರ ಸಂಗೀತ ಕೇಳಲು ಚೆಂದ. ಆದರೆ ನೋಡಿ, "ಮೂಲ ಯಾವ ಗ್ರಂಥಾಲಯದಲ್ಲಿದೆ ಸ್ವಾಮಿ?" ಅಂತ ಪುಸ್ತಕ ಕೊಳ್ಳುವಾಗ ಒಂದೇ ಒಂದು ಪ್ರಶ್ನೆ ಕೇಳುವ ಅಭ್ಯಾಸ ನಮಗಿದ್ದಿದ್ದರೆ ಇಂಥವು ಎಷ್ಟು ದಿನ ನಡೆಯುತ್ತಿದ್ದವು?

ಈ ಮಾತು ಎತ್ತಿದಾಗೆಲ್ಲ ನನಗೆ ಬರುವ ಉತ್ತರಗಳು ಮೂರು.

ಮೊದಲನೆಯದು: "ಬಾಖ್ ಸ್ವತಃ ಬೇರೆಯವರ ಸಂಗೀತ ಬದಲಿಸುತ್ತಿದ್ದ, ತನ್ನದನ್ನೂ ಬದಲಿಸುತ್ತಿದ್ದ. ಆ ಕಾಲವೇ ಹಾಗೆ. ನೀನ್ಯಾಕೆ ಇಷ್ಟು ಮಡಿ ಮಾಡ್ತೀಯ?" ನಾನು ಮಡಿ ಮಾಡುತ್ತಿಲ್ಲ. ಹೊಂದಿಸಿ ನುಡಿಸದಿದ್ದರೆ ಲ್ಯೂಟ್ ಇಲ್ಲದ ನನ್ನಂಥವನಿಗೆ ಈ ಸಂಗೀತ ಸಿಗುತ್ತಲೇ ಇರಲಿಲ್ಲ. ಆದರೆ ಬಾಖ್ ಚೆಲ್ಲೊ ಸೂಟನ್ನು ಲ್ಯೂಟಿಗೆ ತಂದಾಗ ಎರಡೂ ಪ್ರತಿ ಉಳಿದಿವೆ. ಏನು ಬದಲಿಸಿದ ಅಂತ ಸ್ವರಸ್ವರಕ್ಕೂ ತಾಳೆ ನೋಡಬಹುದು, ನೋಡಿ ಕಲಿಯಬಹುದು. ನನ್ನ ಎಡಿಟರ್ ಬದಲಿಸಿದ್ದನ್ನು ತಾಳೆ ನೋಡಲು ನನಗೆ ಒಬ್ಬ ಗೆಳೆಯ ಬೇಕಾಯಿತು.

ಎರಡನೆಯದು: "ನಾವು ಹವ್ಯಾಸಿಗಳು. ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಊಟ ಮಾಡಿ, ಅರ್ಧ ಗಂಟೆ ನುಡಿಸುವವರು. ನಮಗ್ಯಾಕೆ ಅಡಿಟಿಪ್ಪಣಿ?" ಇದು ನನ್ನ ದೃಷ್ಟಿಯಲ್ಲಿ ಪೂರ್ತಿ ಉಲ್ಟಾ. ಕಾನ್ಸರ್ವೇಟರಿಯಲ್ಲಿ ಕಲಿತವನಿಗೆ ಪಕ್ಕದಲ್ಲಿ ಗುರು ಇದ್ದಾನೆ, ಕೆಳಗಿನ ಮಹಡಿಯಲ್ಲಿ ಗ್ರಂಥಾಲಯ ಇದೆ. ಸ್ಲರ್ ಒಂದು ಅಸಹಜ ಅನ್ನಿಸಿದರೆ ಅವನು ಕೇಳುತ್ತಾನೆ. ನಮ್ಮ ಕರ್ನಾಟಕ ಸಂಗೀತದಲ್ಲೂ ಅಷ್ಟೇ ಅಲ್ವಾ? ಪುಸ್ತಕದಲ್ಲಿ ಬರೀ ಸ್ವರ ಇರುತ್ತದೆ, ಗಮಕ ಗುರುವಿನ ಬಾಯಲ್ಲಿರುತ್ತದೆ. ಗುರು ಇದ್ದವನಿಗೆ ಪುಸ್ತಕ ಬರೀ ಜ್ಞಾಪಕದ ಚೀಟಿ. ಬೆಂಗಳೂರಿನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬನೇ ಕೂತು ವೈಸ್ ನುಡಿಸುವ ನನಗೆ ಪುಸ್ತಕವೇ ಗುರು, ಪುಸ್ತಕವೇ ಗ್ರಂಥಾಲಯ. ಅದು ಮುಚ್ಚಿಟ್ಟದ್ದನ್ನು ನನಗೆ ಹೇಳುವವರು ಇನ್ಯಾರೂ ಇಲ್ಲ. ಅಡಿಟಿಪ್ಪಣಿ ಯಾರಿಗಾದರೂ ಬೇಕು ಅಂದರೆ ಅದು ಹವ್ಯಾಸಿಗೇ.

ಮೂರನೆಯದು: "ಕವರ್ ಮೇಲೆ ಉರ್‌ಟೆಕ್ಸ್ಟ್ ಅಂತ ಇದೆಯಲ್ಲ, ಸಾಕು ಬಿಡು." ಉರ್‌ಟೆಕ್ಸ್ಟ್ ಅಂದರೆ ಮೂಲಪಾಠ. ಆ ಪದವನ್ನು ಅಚ್ಚು ಹಾಕಲು ಯಾರ ಲೈಸೆನ್ಸೂ ಬೇಕಿಲ್ಲ. ಒಳಗೆ ಆಕರಗಳ ಪಟ್ಟಿ, ಪಾಠಾಂತರಗಳ ವಿವರ ಇದ್ದರೆ ಆ ಪದಕ್ಕೆ ಅರ್ಥ. ಇಲ್ಲದಿದ್ದರೆ ಅದು ಪ್ಯಾಕೆಟ್ ಮೇಲಿನ 'ಶುದ್ಧ ತುಪ್ಪ'.

ಪಾಠಾಂತರ ಅಂದೆ. ಈ ಪದ ನಮಗೆ ಹೊಸದಲ್ಲ ಅನ್ನುವುದೇ ನನಗೆ ನಾಚಿಕೆ ತರುವ ವಿಷಯ. ಕನ್ನಡದಲ್ಲಿ ಓಲೆಗರಿಗಳನ್ನು ಪಕ್ಕಪಕ್ಕ ಇಟ್ಟು, ಲಿಪಿಕಾರನ ತಪ್ಪು ಯಾವುದು, ಆಮೇಲೆ ಯಾರೋ ತುರುಕಿದ ಪದ್ಯ ಯಾವುದು ಅಂತ ಹುಡುಕಿ, ಪುಟದ ಕೆಳಗೆ ಲೆಕ್ಕ ಒಪ್ಪಿಸಿದ ದೊಡ್ಡ ಪರಂಪರೆಯೇ ಇದೆ. ಡಿ.ಎಲ್. ನರಸಿಂಹಾಚಾರ್ ಗ್ರಂಥಸಂಪಾದನೆಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಪಂಪನ ಒಂದು ಪದ್ಯವನ್ನು ಓದಲು ಸುಲಭವಾಗಲಿ ಅಂತ ಯಾರಾದರೂ ಸದ್ದಿಲ್ಲದೆ ತಿದ್ದಿ ಅಚ್ಚು ಹಾಕಿದರೆ ನಾವು ಸುಮ್ಮನಿರುತ್ತೇವಾ? ಪಂಪನಿಗೆ ಕೊಡುವ ಗೌರವವನ್ನು ವೈಸ್‌ಗೂ ಕೊಡೋಣ ಅಂತಿದ್ದೇನೆ, ಅಷ್ಟೇ.

ಹಾಗಾದರೆ ಕೊಳ್ಳುವುದು ಹೇಗೆ? ನಾನು ಈಗ ಪುಸ್ತಕದ ಸ್ವರಗಳ ಪುಟ ಮೊದಲು ನೋಡುವುದಿಲ್ಲ. ಮುನ್ನುಡಿ ಮತ್ತು ಕೊನೆಯ ಪುಟ ನೋಡುತ್ತೇನೆ. ಮೂಲ ಯಾವ ಊರಿನ, ಯಾವ ಗ್ರಂಥಾಲಯದ, ಯಾವ ನಂಬರಿನ ಹಸ್ತಪ್ರತಿ ಅಂತ ಹೆಸರು ಹಿಡಿದು ಹೇಳಿದ್ದಾರಾ? ಅಲ್ಲೇ ಅರ್ಧದಷ್ಟು ಪುಸ್ತಕಗಳು ಬಿದ್ದುಹೋಗುತ್ತವೆ. ಆಮೇಲೆ ಒಳಪುಟ. ಎಡಿಟರ್ ಸೇರಿಸಿದ ಸ್ಲರ್ ಚುಕ್ಕಿಗೆರೆಯಲ್ಲಿ, ಸೇರಿಸಿದ ಸ್ವರ ಸಣ್ಣ ಅಚ್ಚಿನಲ್ಲಿ ಅಥವಾ ಆವರಣದಲ್ಲಿ ಇವೆಯಾ? ಬರೋಕ್ ಕಾಲದಲ್ಲಿ ಬಾಸ್ ಸಾಲಿನ ಮೇಲೆ ಬರೀ ಅಂಕಿ ಬರೆದು ಬಿಡುತ್ತಿದ್ದರು, ಕಾರ್ಡ್‌ಗಳನ್ನು ನುಡಿಸುವವನೇ ತುಂಬಬೇಕಿತ್ತು. ಮ್ಯಾಂಡೊಲಿನ್ ಸೊನಾಟಾಗಳ ಕೀಬೋರ್ಡ್ ಭಾಗದಲ್ಲಿ ಬಲಗೈಯದೆಲ್ಲ ಸಾಮಾನ್ಯವಾಗಿ ಎಡಿಟರ್‌ನದೇ ಕೈವಾಡ. ಆ ಅಂಕಿಗಳನ್ನು ಉಳಿಸಿಕೊಂಡು ತನ್ನದನ್ನು ಸಣ್ಣ ಅಚ್ಚಿನಲ್ಲಿ ಹಾಕಿದವನು ಪ್ರಾಮಾಣಿಕ. ಲ್ಯೂಟ್ ಸಂಗೀತವಾದರೆ ಟ್ಯಾಬ್ಲೇಚರ್ ಜೊತೆಗಿದೆಯಾ? ಶ್ರುತಿ ಬದಲಿಸಿದ್ದರೆ, ಬಾಸ್ ಎತ್ತಿದ್ದರೆ, ಎಲ್ಲೆಲ್ಲಿ ಅಂತ ಹೇಳಿದ್ದಾರಾ?

"ಇಂಥ ಪುಸ್ತಕ ದುಬಾರಿ" ಅಂತೀರಿ. ಹೌದು, ದುಬಾರಿಯೇ. ಜೊತೆಗೆ ಹಡಗಿನ ಖರ್ಚು, ಕಸ್ಟಮ್ಸ್. ಆದರೆ ಇವತ್ತು ಎಷ್ಟೋ ಹಸ್ತಪ್ರತಿಗಳ, ಹಳೆಯ ಮುದ್ರಣಗಳ ಸ್ಕ್ಯಾನ್ ಐ.ಎಂ.ಎಸ್.ಎಲ್.ಪಿ.ಯಂಥ ಕಡೆ ಪುಕ್ಕಟೆ ಸಿಗುತ್ತವೆ. ಅಲ್ಲೂ ಒಂದು ಎಚ್ಚರ: ಪುಕ್ಕಟೆ ಸಿಗುವ ಎಡಿಷನ್‌ಗಳಲ್ಲಿ ಬಹಳಷ್ಟು ಕಾಪಿರೈಟ್ ಮುಗಿದ ಹಳೆಯವು, ಎಡಿಟರ್‌ಗಳು ಕೈಗೆ ಬಂದ ಹಾಗೆ ಕ್ರೆಶೆಂಡೊ ಹಾಕುತ್ತಿದ್ದ ಕಾಲದವು. ಎಡಿಷನ್ ಬಿಟ್ಟು ಹಸ್ತಪ್ರತಿಯ ಸ್ಕ್ಯಾನನ್ನೇ ಇಳಿಸಿಕೊಳ್ಳಿ. ಫ್ರೆಂಚ್ ಟ್ಯಾಬ್ಲೇಚರ್ ಓದುವುದನ್ನು ಕಲಿಯಲು ನನಗೆ ಹಿಡಿದದ್ದು ಎರಡು ವೀಕೆಂಡ್. ಹೊಸ ಫ್ರೇಮ್‌ವರ್ಕ್ ಕಲಿಯಲು ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ, ಅದು ಮೂರು ವರ್ಷಕ್ಕೆ ಹಳತಾಗುತ್ತದೆ.

ಆ ಸರಬಾಂದನ್ನು ನಾನು ಈಗಲೂ ಗಿಟಾರಿನಲ್ಲೇ ನುಡಿಸುತ್ತೇನೆ. ತಂತಿ ಆರೇ ಇರುವುದರಿಂದ ಬಾಸನ್ನು ಈಗಲೂ ಹಾರಿಸಲೇಬೇಕು. ಆದರೆ ಈಗ ಆ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದು, "ಇದು ನಾನು" ಅಂತ ಬರೆದುಕೊಂಡಿದ್ದೇನೆ. ಹಾರುವ ಮುಂಚೆ ಒಂದು ಕ್ಷಣ, ಕೈಗೆ ಸಿಗದ ಆ ಕೆಳಗಿನ ಸ್ವರಗಳನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತೇನೆ. ನೇರವಾಗಿ ಇಳಿದುಹೋಗುವ ವೈಸ್‌ನ ದಾರಿ ನಾನು ಕೊಂಡಾಡಿದ್ದ ಹಾರಾಟಕ್ಕಿಂತ ಹೆಚ್ಚು ದುಃಖದ್ದು, ಹೆಚ್ಚು ಚೆಂದದ್ದು.

ಎರಡು ವರ್ಷದ ಹಿಂದಿನ ಬರಹವನ್ನು ಅಳಿಸಿಲ್ಲ. ಅದರ ತಲೆಯ ಮೇಲೆ ಏನು ತಪ್ಪಾಗಿತ್ತು, ಯಾರು ತೋರಿಸಿಕೊಟ್ಟರು, ಯಾವತ್ತು ತಿದ್ದಿದೆ ಅಂತ ತಾರೀಖು ಸಮೇತ ಬರೆದಿದ್ದೇನೆ. ಎಡಿಟರ್‌ಗಳಿಂದ ನಾನು ಕೇಳುತ್ತಿರುವುದೂ ಇಷ್ಟನ್ನೇ.